ಅಕ್ಕ ಹೊಲಿದ ಹಾಯಿ

ನಮ್ಮ ಕಡೆಯ ಬಿಸಿಲಿನಲ್ಲಿ ಹಳೆಯ ಮರದ ದೋಣಿಯ ರಿಪೇರಿಗೆ ಕೈ ಹಾಕುವವರಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಮನೆಯಲ್ಲಿ ನನ್ನ ಅಕ್ಕನಂಥವಳು ಇರಬೇಕು. ನಮ್ಮ ಮನೆಯಲ್ಲಿ ಅಕ್ಕ ಇದ್ದಳು. ಅವಳು ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಬೈದುಕೊಂಡೇ ಕೈ ಜೋಡಿಸಿದ್ದೇನೆ. ಈಗಲೂ ನೆನೆಸಿಕೊಂಡರೆ ಹೆಮ್ಮೆಯಾಗುತ್ತದೆ.

ಅಕ್ಕನ ಊರು ದೇವಾಪುರ ದಾಟಿ ಮುಂದೆ, ಕೃಷ್ಣೆಯ ದಂಡೆಯ ಮೇಲೆ. ಅಲ್ಲಿ ಅವಳು ಶಾಲೆ ಮಕ್ಕಳ ಅಂಗಿ, ಹೆಂಗಸರ ಜಂಪರು ಹೊಲಿಯುತ್ತಾಳೆ. ನಾನು ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅಕ್ಕನ ಗಂಡ, ನಮ್ಮ ಭಾವ, ಬಹಳ ವರ್ಷ ಕಾರವಾರದ ಕಡೆ ದೋಣಿ ಕಟ್ಟುವ ಕಾರ್ಖಾನೆಯಲ್ಲಿ ದುಡಿದವರು. ಆ ಕಾರ್ಖಾನೆ ಮುಚ್ಚಿದಾಗ, ಯಾರಿಗೂ ಬೇಡವಾಗಿ ಮೂಲೆ ಹಿಡಿದಿದ್ದ ಹಾಯಿದೋಣಿಯೊಂದನ್ನು ಮಾಲೀಕರು ಇವರಿಗೆ ಕೊಟ್ಟುಬಿಟ್ಟರು. ಭಾವ ಅದನ್ನು ಲಾರಿಯ ಮೇಲೆ ಹೇರಿಕೊಂಡು ಘಟ್ಟ ಹತ್ತಿ ಊರಿಗೆ ತಂದರು. ಸುರಪುರದ ಬಜಾರಿನಲ್ಲಿ ಲಾರಿ ಹಾದಾಗ ಜನ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಹೊರಗೆ ಬಂದು ನಿಂತರಂತೆ.

ಅದು ತೆಪ್ಪದಂಥ ದೋಣಿಯಲ್ಲ. ಒಳಗೆ ಇಬ್ಬರು ಮಲಗುವಷ್ಟು ಗೂಡು, ಒಲೆ ಇಡಲು ಒಂದು ಕಟ್ಟೆ, ನಡುವೆ ಹಾಯಿಯ ಕಂಬ. ಕೆಳಗಡೆ ಬ್ಯಾರೇಜ್ ಕಟ್ಟಿದ ಮೇಲೆ ನಮ್ಮ ಹೊಳೆ ಬೇಸಿಗೆಯಲ್ಲೂ ಬಹು ದೂರದವರೆಗೆ ತುಂಬಿ ನಿಲ್ಲುತ್ತದೆ. ಆ ನೀರಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು, ದಂಡೆ ಕಂಡಲ್ಲಿ ನಿಂತು, ರೊಟ್ಟಿ ಬಡಿದು ತಿಂದು, ದೋಣಿಯಲ್ಲೇ ಮಲಗಿ ತಿರುಗಾಡಬೇಕು ಎಂಬುದು ಭಾವನ ಹಂಬಲ. ದೋಣಿ ಇಳಿಸಿ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿ ಇನ್ನೂ ಕೆಲಸ ಶುರು ಮಾಡಿರಲಿಲ್ಲ, ಅಷ್ಟರಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಾದರೂ ತಿಳಿಯುತ್ತಿತ್ತು, ಆದರೆ ಅವರು ಆಡುವುದನ್ನೇ ಬಿಟ್ಟರು. ಹ್ಞೂಂ, ಉಹ್ಞೂಂ, ಅಷ್ಟೇ. ದೋಣಿಯ ಸುದ್ದಿ ತೆಗೆದರೆ ಮುಖ ಗೋಡೆಯ ಕಡೆ ತಿರುಗುತ್ತಿತ್ತು.

ಊರಿನ ಹಿರಿಯರೊಬ್ಬರು ಬಂದು, "ಇನ್ನ ಅದನ್ನ ಒಡದು ಉರವಲ ಮಾಡವ್ವ, ನೋಡಿದಾಗೊಮ್ಮೆ ಅವಂಗ ಸಂಕಟ ಆಗತದ" ಎಂದರು. ಅಕ್ಕ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ದೋಣಿ ನಾ ರಿಪೇರಿ ಮಾಡ್ತೀನಿ. ಅವರು ಅದರಾಗ ಕುಂತು ಹೊಳಿಗಿ ಹೋಗ್ಬೇಕು. ಇಲ್ಲಂದ್ರ ಈ ಮನುಷ್ಯಾ ಹಾಸಿಗ್ಯಾಗ ಮುಗದು ಹೋಗ್ತಾನ" ಎಂದಳು. ಅಳಲಿಲ್ಲ, ದನಿಯೂ ಏರಲಿಲ್ಲ. ಅಂಗಿಯ ಅಳತೆ ಹೇಳಿದ ಹಾಗೆ ಹೇಳಿದಳು.

ನನಗೆ ಮೊದಲೇ ತಾಳ್ಮೆ ಕಡಿಮೆ. "ನಿನಗೇನು ಹುಚ್ಚು ಹಿಡದದೇನ? ಮೊಳಿ ಹೊಡ್ಯಾಕ ಬರಂಗಿಲ್ಲ ನಿನಗ" ಎಂದು ರೇಗಿದೆ. ಅವಳು ಉತ್ತರ ಕೊಡದೆ ನನ್ನ ಕೈಗೆ ಮರ ಉಜ್ಜುವ ಒರಟು ಕಾಗದ ಕೊಟ್ಟಳು. ಅಂದಿನಿಂದ ನನ್ನ ರಜೆಗಳೆಲ್ಲ ಶಹಾಪುರದ ಬಸ್ ಸ್ಟ್ಯಾಂಡಿನಿಂದ ಆ ಬೇವಿನ ಮರದವರೆಗಿನ ದಾರಿಯಲ್ಲಿ ಕರಗಿದವು.

ಅಕ್ಕ ಮೊದಲು ಹಿಡಿದದ್ದು ತನಗೆ ಬರುವ ಕೆಲಸವನ್ನು. ಹಳೆಯ ಹಾಯಿಯನ್ನು ಇಲಿಗಳು ಕಡಿದು ಜರಡಿ ಮಾಡಿದ್ದವು. ಅವಳು ಅದರ ಹೊಲಿಗೆ ಬಿಚ್ಚಿ, ತುಂಡುತುಂಡಾಗಿ ಅಂಗಳದಲ್ಲಿ ಹಾಸಿ ನೋಡಿದಳು. ಹಾಯಿ ಎಂದರೆ ಚಾದರದ ಹಾಗೆ ಸಪಾಟು ಬಟ್ಟೆ ಎಂದುಕೊಂಡಿದ್ದೆವು. ಅಲ್ಲ, ಪ್ರತಿ ಪಟ್ಟಿಯ ಅಂಚೂ ಸಣ್ಣಗೆ ಬಾಗಿತ್ತು. "ಏ, ಇದು ಜಂಪರಿನಂಗೇ ಅದ. ಗಾಳಿಗಿ ಮೈ ಬೇಕಲ್ಲ ತುಂಬಾಕ" ಎಂದು ಅಕ್ಕ ಕುಣಿದಾಡಿದಳು. ಯಾದಗಿರಿಯಿಂದ ದಪ್ಪ ಬಟ್ಟೆ ತರಿಸಿ, ಗೋಣಿ ಹೊಲಿಯುವ ಸೂಜಿಯಿಂದ ಅಂಚು ಕಟ್ಟಿ, ಉಳಿದದ್ದನ್ನು ಮಶೀನಿನಲ್ಲೇ ಎಳೆದಳು. ಯಾವ ಮಶೀನೂ ಹಾಗೆ ಉಸ್ಸೆಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಹೊಸದಾಗಿ ಸೇರಿಸಿದ್ದೂ ಇತ್ತು. ಹತ್ತಿ ಬೆಳೆಗೆ ಕ್ರಿಮಿನಾಶಕ ಹೊಡೆಯುವ ಬೆನ್ನಪಂಪು ಡಬ್ಬ ಒಡೆದು ಮೂಲೆಯಲ್ಲಿ ಬಿದ್ದಿತ್ತು. ಅದರ ಸಣ್ಣ ಮೋಟಾರು, ಬ್ಯಾಟರಿ ಬಿಚ್ಚಿ, ತೊಳೆದು, ದೋಣಿಯ ತಳದಲ್ಲಿ ಕೂರಿಸಿದಳು. ಒಳಗೆ ನೀರು ಬಂದರೆ ಗುಂಡಿ ಒತ್ತಿದರೆ ಸಾಕು, ಹೊರಗೆ ಹೋಗುತ್ತದೆ. ಮೇಲೆ ಒಂದು ಸೋಲಾರ್ ಪ್ಲೇಟು. ಭಾವನಿಗೆ ಒರಗಲು ಬರುವಂತೆ ಹಿಂದುಗಡೆ ಒಂದು ಬೆನ್ನುಪಟ್ಟಿ. ಬಿಳಿ ಬಣ್ಣ ಬಳಿದ ಮೇಲೆ ದೋಣಿ ಸ್ನಾನ ಮಾಡಿಸಿದ ಎಮ್ಮೆಯ ಹಾಗೆ ಚೊಕ್ಕವಾಗಿ ನಿಂತಿತು ಎಂದು ನಾನೇ ಹೇಳಿದೆ. "ಬಿಳಿ ಎಮ್ಮಿ ಎಲ್ಲದ?" ಎಂದು ಅಕ್ಕ ನಕ್ಕಳು.

ಇನ್ನು ಉಳಿದದ್ದು ಹಲಗೆಗಳ ನಡುವಿನ ಸಂದು. ನಮ್ಮ ಬಿಸಿಲಿಗೆ ಮರ ಒಣಗಿ ಸಂದುಗಳು ಬೆರಳು ತೂರುವಷ್ಟು ಅಗಲವಾಗಿದ್ದವು. ಅಲ್ಲಿಗೆ ಹತ್ತಿ ತುಂಬಬೇಕು, ಮೇಲೆ ಸೀಮೆಸುಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಕಲಸಿದ ಲಪ್ಪ ಮೆತ್ತಬೇಕು, ಅಷ್ಟು ನಮಗೆ ಗೊತ್ತಿತ್ತು. ಹತ್ತಿಗೆ ನಮ್ಮಲ್ಲಿ ಬರವೇ? ಹೊಲದಿಂದ ಬಂದದ್ದು ಮನೆಯ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಹತ್ತಿ ಬೆಳೆಯುವ ಮನೆಯ ಹೆಣ್ಣುಮಕ್ಕಳು ನಾವು, ತುಂಬುವುದರಲ್ಲಿ ಕೈ ಬಿಗಿ ಮಾಡುವವರಲ್ಲ. ಮೊಂಡ ಉಳಿ, ಸುತ್ತಿಗೆ ಹಿಡಿದು ಜಡಿದೆವು. ಇನ್ನೂ ಹಿಡಿಯುತ್ತದೆ ಎಂದು ಅವಳು, ಇನ್ನೂ ಸ್ವಲ್ಪ ಎಂದು ನಾನು. ಕಲ್ಲಿನಷ್ಟು ಗಟ್ಟಿಯಾದ ಮೇಲೆ ಲಪ್ಪ ಮೆತ್ತಿ ಒಬ್ಬರನ್ನೊಬ್ಬರು ಹೊಗಳಿಕೊಂಡೆವು. ಭಾವ ಪಕ್ಕದಲ್ಲೇ ಹಗ್ಗದ ಹೊರಸಿನ ಮೇಲೆ ಮಲಗಿ ಓರೆಗಣ್ಣಿನಿಂದ ನೋಡುತ್ತಿದ್ದರು.

ಹೊಸ ನೀರಿನ ಟಾಕಿ ಕಟ್ಟಿದಾಗ ಸೋರುತ್ತದೋ ಎಂದು ತುಂಬಿಸಿ ನೋಡುತ್ತಾರಲ್ಲ, ಹಾಗೆ ದೋಣಿಯ ಒಳಗೆ ಪೈಪಿನಿಂದ ಮೊಣಕಾಲುದ್ದ ನೀರು ಬಿಟ್ಟೆವು. ಒಂದು ಹನಿ ಹೊರಗೆ ಬರಲಿಲ್ಲ. ಅಕ್ಕ ಬೆಲ್ಲ ಹಂಚಿದಳು. ಮರುದಿನ ಬೆಳಿಗ್ಗೆ ನಾವು ರೊಟ್ಟಿ ತಿನ್ನುತ್ತಿದ್ದಾಗ ಅಂಗಳದಲ್ಲಿ ಟಪ್ಪೆಂದು ಸದ್ದಾಯಿತು. ಓಡಿ ಬಂದು ನೋಡಿದರೆ ತಳದ ಹಲಗೆಯೊಂದು ಮೊಳೆ ಸಮೇತ ಕಿತ್ತು ಹೊರಗೆ ಎದ್ದಿತ್ತು, ಉದ್ದಕ್ಕೂ ಸೀಳಿತ್ತು. ನೀರೆಲ್ಲ ಅಂಗಳದ ಪಾಲು.

ಅಕ್ಕ ಆ ಕೆಸರಿನಲ್ಲೇ ಕುಸಿದು ಕೂತಳು. ಅಷ್ಟು ದಿನ ಬಾರದ ಅಳು ಆಗ ಬಂತು. ಆಗಲೇ ಹೊರಸಿನಿಂದ ದನಿ ಕೇಳಿಸಿತು.

"ಗಾದಿ ತುಂಬೀರೇನು? ಒಣ ಕಟಗಿ ನೀರ ಕುಡದು ಉಬ್ಬತದ. ಉಬ್ಬಾಕ ಜಾಗಾ ಬ್ಯಾಡೇನ ಅದಕ್ಕ?"

ಲಕ್ವಾ ಹೊಡೆದ ಮೇಲೆ ಭಾವ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಸಂತೋಷಪಡುವುದು ಬಿಟ್ಟು ನಾನು ಕೆಂಡವಾದೆ. "ಅಲ್ಲೇ ಮಲಗಿ ನೋಡಾಕತ್ತಿದ್ರಿ. ಮೊದಲೇ ಹೇಳಾಕ ಏನಾಗಿತ್ತು ನಿಮಗ?"

"ಯಾರು ಕೇಳಿದ್ರಿ ನನಗ?" ಎಂದರು ಭಾವ. ತುಟಿ ಒಂದು ಕಡೆ ಎಳೆಯುತ್ತಿತ್ತು, ಆದರೂ ಬಿಡಲಿಲ್ಲ. "ಉಣ್ತೀರೇನ ಅಂತ ಕೇಳ್ತೀರಿ, ಮಲಗ್ತೀರೇನ ಅಂತ ಕೇಳ್ತೀರಿ. ದೋಣಿ ಹೆಂಗ ಅಂತ ಕೇಳಿದ್ರೇನು ಒಬ್ರರ?"

ಅಕ್ಕ ಕೆಸರಿನಿಂದ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಸಿನ ಹತ್ತಿರ ಹೋಗಿ ನಿಂತಳು. "ಈಗ ಕೇಳಾಕತ್ತೇನ್ರಿ. ಹೇಳ್ರಿ" ಎಂದಳು. ಇಂಥ ಕಡೆ ನನ್ನ ಅಕ್ಕನನ್ನು ಮೆಚ್ಚದೆ ಹೇಗಿರಲಿ? ನಾನಾಗಿದ್ದರೆ ಆ ಜಗಳವನ್ನು ದೀಪಾವಳಿಯವರೆಗೆ ಎಳೆಯುತ್ತಿದ್ದೆ.

ಅಲ್ಲಿಂದ ಕೆಲಸ ಮತ್ತೆ ಮೊದಲಿನಿಂದ. ಬಡಿದ ಹತ್ತಿಯನ್ನೆಲ್ಲ ಕೊಕ್ಕೆಯಿಂದ ಕಿತ್ತೆವು. ಹೊಸ ಗೋಡೆಗೆ ನೀರುಣಿಸುವ ಹಾಗೆ ದೋಣಿಗೆಲ್ಲ ಗೋಣಿಚೀಲ ಹೊದಿಸಿ ಹೊತ್ತುಹೊತ್ತಿಗೆ ನೀರು ಚಿಮುಕಿಸಿದೆವು. ಮರ ನಿಧಾನಕ್ಕೆ ನೀರು ಕುಡಿದು, ಸಂದುಗಳು ತಾವಾಗಿಯೇ ಕಿರಿದಾದವು. ಆಮೇಲೆ ಸಡಿಲವಾಗಿ ಹೊಸೆದ ಹತ್ತಿಯ ಎಳೆ, ಅದೂ ಮೆಲ್ಲಗೆ. ಸೀಳಿದ ಹಲಗೆಯ ಬದಲಿಗೆ ಒಳ್ಳೆಯ ಸಾಗವಾನಿ ಬೇಕೆಂದು ಭಾವ ಹೇಳಿದ್ದೇ ತಡ, ಅಕ್ಕ ಬಚ್ಚಲ ಬಾಗಿಲನ್ನೇ ಕಿತ್ತು ತಂದಳು. ಇವತ್ತಿಗೂ ಆ ಬಚ್ಚಲಿಗೆ ಹಳೆ ಸೀರೆಯ ಪರದೆಯೇ ಗತಿ, ಹೋದವರು ಹಾಡಿಕೊಂಡೇ ಸ್ನಾನ ಮಾಡಬೇಕು.

ಭಾವ ಹೊರಸನ್ನು ದೋಣಿಯ ಕಡೆ ತಿರುಗಿಸಲು ಹೇಳಿದರು. ಮಲಗಿದಲ್ಲಿಂದಲೇ ಬೈದರು, ಬಿಚ್ಚಿಸಿದರು, ಮತ್ತೆ ಮಾಡಿಸಿದರು. ಅಕ್ಕ ಬೈಸಿಕೊಂಡು ಒಳಗೊಳಗೇ ನಗುತ್ತಿದ್ದಳು. ಆದರೆ ಊಟದ ಹೊತ್ತಿಗೆ ಮತ್ತೆ ಹಳೆಯ ಪಾಡೇ. ಎಡಗೈ ಚೆನ್ನಾಗಿದ್ದರೂ ತುತ್ತು ಅವಳೇ ಇಡುತ್ತಿದ್ದಳು, ಲೋಟ ಅವಳೇ ಹಿಡಿಯುತ್ತಿದ್ದಳು, ಗುಂಡಿ ಅವಳೇ ಹಾಕುತ್ತಿದ್ದಳು. ಆಗ ಭಾವ ಕಣ್ಣು ಮುಚ್ಚಿಕೊಂಡು ಬಾಯಿ ತೆರೆಯುತ್ತಿದ್ದರು.

ಮಳೆಗಾಲದ ನೀರು ಇಳಿದ ಮೇಲೆ, ಹೊಳೆ ತಿಳಿಯಾದಾಗ, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ದೋಣಿಯನ್ನು ದಂಡೆಗೆ ಒಯ್ದೆವು. ತೇಲಿತು. ಒಳಗೆ ಅಂಗೈ ಮುಳುಗುವಷ್ಟು ನೀರು ಬಂತು, ಆಮೇಲೆ ಬರುವುದು ನಿಂತಿತು. "ಅಷ್ಟು ಬರಬೇಕು, ಕಟಗಿ ಉಬ್ಬಿ ಸಂದು ತಾನ ಮುಚ್ಚತದ" ಎಂದರು ಭಾವ. ಊರವರು ನಾಲ್ವರು ಸೇರಿ ಅವರನ್ನು ಎತ್ತಿ ಹಿಂದುಗಡೆ ಚುಕ್ಕಾಣಿಯ ಪಕ್ಕ ಕೂರಿಸಿದರು. ಅಕ್ಕನೂ ನಾನೂ ಹತ್ತಿ, ಮುಳುಗದಂತೆ ಅವರಿಗೊಂದು ಗಾಳಿ ತುಂಬಿದ ಟ್ಯೂಬು ತೊಡಿಸಿ, ನಾವೂ ತೊಟ್ಟೆವು. ಮೀನು ಹಿಡಿಯುವವರೊಬ್ಬರು ಬೇಕಾದೀತೆಂದು ತೆಪ್ಪದಲ್ಲಿ ಪಕ್ಕಕ್ಕೇ ಬಂದರು. ನಾನು ಹಾಯಿ ಎತ್ತಿ, ಅದನ್ನು ಬಿಗಿಯುವ ಹಗ್ಗವನ್ನು ಅಕ್ಕನ ಪಕ್ಕದ ಗೂಟಕ್ಕೆ ಸುತ್ತಿದೆ.

ಗಾಳಿ ಇತ್ತು, ಆದರೆ ಹಾಯಿ ಪಟಪಟ ಬಡಿದುಕೊಂಡಿತೇ ಹೊರತು ತುಂಬಲಿಲ್ಲ. ದೋಣಿ ಅತ್ತ ಹೊರಳುವುದು, ಇತ್ತ ಹೊರಳುವುದು. ತಿರುಗಿ ನೋಡಿದೆ. ಭಾವನ ಎಡಗೈ ಚುಕ್ಕಾಣಿಯ ಮೇಲಿತ್ತು, ಅದರ ಮೇಲೆ ಅಕ್ಕನ ಕೈ ಬಿಗಿಯಾಗಿ ಕೂತಿತ್ತು. ಅವರು ಒಂದು ಕಡೆ ಎಳೆದರೆ ಹೆದರಿಕೆಗೆ ಅವಳು ಇನ್ನೊಂದು ಕಡೆ ಒತ್ತುತ್ತಿದ್ದಳು.

"ಕೈ ತಗಿ" ಎಂದರು ಭಾವ.

"ಬಿದ್ದಗಿದ್ದೀರಿ, ಇರ್ರಿ, ನಾ ಹಿಡದೀನಿ."

"ಕೈ ತಗಿಯಂತೀನಿ ನಾ."

ಅಕ್ಕ ಅವರ ಮುಖ ನೋಡಿದಳು. ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿ ಕೈ ತೆಗೆದಳು. ಹಿಂತೆಗೆದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟಳು, ಮತ್ತೆ ಎತ್ತಿದಳು, ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಭಾವ ಚುಕ್ಕಾಣಿ ಒತ್ತಿದರು. ಹಾಯಿ ಒಮ್ಮೆಲೇ ಮೈ ತುಂಬಿಕೊಂಡಿತು, ದೋಣಿ ಸರಕ್ಕನೆ ಮುಂದೆ ಹರಿಯಿತು, ತೆಪ್ಪದವರು ಹಿಂದೆ ಉಳಿದರು.

ಅಕ್ಕನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಭಾವ ಅವಳನ್ನು ನೋಡಲಿಲ್ಲ, ಹಾಯಿಯನ್ನೇ ನೋಡುತ್ತಿದ್ದರು.

"ಅಳಬ್ಯಾಡ," ಎಂದರು, "ಹಗ್ಗ ಸಡಲ ಮಾಡು."

ಅಕ್ಕ ಅಳುತ್ತಲೇ ಸಡಿಲ ಮಾಡಿದಳು.