ಬಿಸಿ ತಾಗದ ಬೆರಳು

ಹೆಂಚಿನ ಮೇಲಿನ ಅಕ್ಕಿರೊಟ್ಟಿಯ ಅಂಚನ್ನು ಕಿರುಬೆರಳಲ್ಲಿ ಎಬ್ಬಿಸಿ ಬರಿಗೈಯಲ್ಲೇ ಮಗುಚುತ್ತೇನೆಂಬ ಜಂಬ ನನಗೆ ಬಹಳ ದಿನ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಕಡೂರಿನಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದಿದ್ದೆ. ನಮ್ಮ ಸೊಸೆಗೆ ಇಕ್ಕಳವೇ ಬೇಡ ಎಂದು ಅತ್ತೆ ನೆರೆಹೊರೆಯವರ ಮುಂದೆ ಹೊಗಳುತ್ತಿದ್ದರು. ಅವರು ಹೊಗಳುತ್ತಿದ್ದುದೇ ಕಡಿಮೆ. ಹಾಗಾಗಿ ನಾನು ಅದೊಂದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ನಮ್ಮ ಭಾಷೆ ಚರ್ಮದ ಮೇಲೆ ಎಷ್ಟು ಭಾರ ಹೊರಿಸಿದೆ ನೋಡಿ. ಮಾತು ಚುಚ್ಚುತ್ತದೆ, ಶಾಪ ತಟ್ಟುತ್ತದೆ, ಬುದ್ಧಿ ಹೇಳಿದರೆ ನಾಟುವುದಿಲ್ಲ. ನಾಟದವರನ್ನು ದಪ್ಪ ಚರ್ಮದವರು ಎಂದು ಬೈಯುತ್ತೇವೆ. ಬಿಸಿ ನಾಟದ ನನ್ನನ್ನು ಮಾತ್ರ ಎಲ್ಲರೂ ಗಟ್ಟಿಗಿತ್ತಿ ಎಂದರು. ನಾನೂ ನಂಬಿದೆ.

ಒಂದು ಬೆಳಿಗ್ಗೆ, ತರೀಕೆರೆಯಿಂದ ಬಂದಿದ್ದ ನಾದಿನಿ ಗಿರಿಜಾಳ ಜೊತೆ ಮಾತಾಡುತ್ತಾ ರೊಟ್ಟಿ ಬೇಯಿಸುತ್ತಿದ್ದೆ. ಸೀದ ವಾಸನೆ ಬಂತು. ರೊಟ್ಟಿ ಇನ್ನೂ ಬೆಳ್ಳಗೇ ಇತ್ತು. ಗಿರಿಜಾ ಬಿಳಿಚಿಕೊಂಡು, "ಅತ್ತಿಗೆ, ನಿಮ್ ಕೈ" ಎಂದಳು. ನೋಡಿದರೆ ನನ್ನ ಕಿರುಬೆರಳು ಹೆಂಚಿನ ಅಂಚಿಗೆ ಒತ್ತಿಕೊಂಡಿತ್ತು. ಚರ್ಮ ಬೆಂದುಹೋಗಿತ್ತು. ಕೈ ಕಿತ್ತುಕೊಂಡೆ. ನೋವಿಲ್ಲ. ಬೇರೆ ಯಾರದೋ ಬೆರಳು ಸುಟ್ಟಂತೆ ನಿಂತು ನೋಡಿದೆ. ಕಿರುಚುವುದಕ್ಕೂ ನೋವು ಬೇಕು ಎಂದು ಅಂದು ಗೊತ್ತಾಯಿತು.

ಗಂಡ ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನಗೆ ಕಣ್ಣು ಮುಚ್ಚಿಸಿ, ಹತ್ತಿ ತಾಗಿದಾಗಲೆಲ್ಲ ತಿಳಿಸಲು ಹೇಳಿದರು. ತೋಳಿಗೆ, ಹೆಬ್ಬೆರಳಿಗೆ ತಾಗಿದ್ದನ್ನು ಹೇಳಿದೆ. ಆಮೇಲೆ ಏನೂ ಇಲ್ಲ. ಕಾದು ಕಾದು, ಮುಂದಿನದು ಯಾವಾಗ ಎಂದೆ.

"ಕಿರುಬೆರಳು ಮುಟ್ಟಿದ್ದಾಯ್ತಮ್ಮ. ಸೂಜೀಲೂ ಚುಚ್ಚಿದ್ದಾಯ್ತು."

ಕಣ್ಣು ತೆರೆದೆ. ಬೆರಳ ತುದಿಯಲ್ಲಿ ರಕ್ತದ ಹನಿ ಇತ್ತು. ಗಂಡ ಗೋಡೆಯತ್ತ ನೋಡುತ್ತಿದ್ದರು.

ಮುಟ್ಟಿದ್ದು, ಬಿಸಿ, ತಂಪು, ನೋವು, ಇವನ್ನೆಲ್ಲ ಮಿದುಳಿಗೆ ತಿಳಿಸಲು ಒಂದೇ ಚರ್ಮದಡಿ ಬೇರೆ ಬೇರೆ ನರದ ತುದಿಗಳಿವೆಯಂತೆ. ಕಿರುಬೆರಳಿಗೆ ಹೋಗುವ ನನ್ನ ಮೊಣಕೈಯ ನರಕ್ಕೆ ಕುಷ್ಠ ತಗುಲಿತ್ತು. ಮಾತ್ರೆಯಿಂದ ವಾಸಿಯಾಗುತ್ತದೆ, ಮನೆಯಲ್ಲಿ ಎಲ್ಲರ ಜೊತೆಗೇ ಇರಬಹುದು ಎಂದರು ಡಾಕ್ಟರು. ನನಗೆ ಕೇಳಿಸಿದ್ದು ಆ ರೋಗದ ಹೆಸರು ಮಾತ್ರ.

ಮನೆಗೆ ಬಂದು ಗಂಡ ವಿಷಯ ತಿಳಿಸಿದರು. ಅತ್ತೆ, "ನಾಳೆಯಿಂದ ನೀನು ಒಲೆ ಹತ್ರ ಬರ್ಬೇಡ" ಎಂದರು. ಆಯಿತು, ಇನ್ನು ಕಡೂರಿನ ತವರೇ ಗತಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅತ್ತೆಯೇ ರೊಟ್ಟಿ ಬೇಯಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ನನ್ನೆದುರು ಕೂತು ಕೈ ಚಾಚಲು ಹೇಳಿದರು. ನಾನು ಹಿಂದಕ್ಕೆಳೆದುಕೊಂಡೆ.

"ತಾರೇ ಇಲ್ಲಿ. ಗಾಯ ಆದ್ರೆ ನಿಂಗೆ ಗೊತ್ತಾಗಲ್ವಲ್ಲ, ನಾನಾದ್ರೂ ನೋಡ್ಬೇಕಲ್ಲ" ಎಂದು ಮಣಿಕಟ್ಟು ಹಿಡಿದು ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

ಮಾತ್ರೆ ನುಂಗಿ ನುಂಗಿ ರೋಗ ಹೋಯಿತು. ಕಿರುಬೆರಳಿಗೆ ಮಾತ್ರ ಇಂದಿಗೂ ಸ್ಪರ್ಶ ತಿಳಿಯದು. ಅತ್ತೆ ಇರುವವರೆಗೂ ಆ ತಪಾಸಣೆ ಬಿಡಲಿಲ್ಲ. ಅವರು ಮುಟ್ಟಿದ್ದು ಆ ಬೆರಳಿಗೆ ಒಮ್ಮೆಯೂ ಗೊತ್ತಾಗಲಿಲ್ಲ. ಆದರೆ ಪಾತ್ರೆ ತೊಳೆದು ಬಂದ ಅವರ ಕೈಯ ತಣುಪು ಮಣಿಕಟ್ಟಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಎಷ್ಟೆಂದರೆ, ಮೊದಲು ಕೈ ಒರೆಸಿಕೊಂಡು ಬನ್ನಿ ಅತ್ತೆ ಎಂದು ದಿನಾ ಗೊಣಗುತ್ತಿದ್ದೆ.