ಒಂಬತ್ತು ಸಾಲುಗಳ ಕೊನೆಯ ಕೆಲಸ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಪಂಚನಹಳ್ಳಿಯ ತೋಟಗಳ ಕಡೆಯಿಂದ ಬೋರ್‌ವೆಲ್ ಮೋಟರುಗಳ ಸದ್ದು ಒಂದರ ಹಿಂದೆ ಒಂದು ಏಳುತ್ತದೆ. ತ್ರೀಫೇಸ್ ಕರೆಂಟು ಬಂತೆಂದು ಅರ್ಥ. ಹೇಮಾವತಿ ಆಗಲೇ ಅಡುಗೆಮನೆ ಪಕ್ಕದ ಕೋಣೆಯಲ್ಲಿ, ರಾಗಿ ಚೀಲಕ್ಕೆ ಬೆನ್ನು ಕೊಟ್ಟು, ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಒಂದು ಸಾಲು ಓದುತ್ತಾರೆ, ಅಳಿಸುತ್ತಾರೆ, ಮತ್ತೆ ಓದುತ್ತಾರೆ. ಸೊಪ್ಪು ಸೋಸುವವರು ಹಣ್ಣೆಲೆಯನ್ನು ಮಾತ್ರ ಕಿತ್ತು ಬದಿಗಿಡುವ ಹಾಗೆ.

ಅಳಿಸಿದ್ದರಿಂದ ಬೇರೇನೂ ಕೆಟ್ಟಿಲ್ಲ ಎಂದು ಕಂಪ್ಯೂಟರೇ ಪರೀಕ್ಷೆ ಮಾಡಿ ಹೇಳಬೇಕು. ಅದಕ್ಕೆ ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಆರು ರೊಟ್ಟಿ ಆಗುತ್ತವೆ. ಕೈ ಒರೆಸಿಕೊಂಡು ಬಂದು ನೋಡಿದರೆ ತೆರೆಯ ಮೇಲೆ ಹಸಿರು ಗುರುತುಗಳ ಸಾಲು. “ಹಸ್ರು ಕಂಡ್ರೆ ಕಾಫಿ. ಕೆಂಪು ಕಂಡ್ರೆ ಕಾಫಿ ಇಲ್ಲ,” ಎನ್ನುತ್ತಾ ಹಾಲಿಡಲು ಹೋಗುತ್ತಾರೆ.

ನಲವತ್ತಮೂರರ ಹೇಮಾವತಿ ಹಗಲು ಕಡೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾರೆ. ಎಂಟೂಕಾಲಿನ ಬಸ್ಸು ತಪ್ಪಿಸುವಂತಿಲ್ಲ. ಅದಕ್ಕೂ ಮುಂಚಿನ ಎರಡು ಗಂಟೆ ಮಾತ್ರ ಅವರದೇ. ಹನ್ನೊಂದು ವರ್ಷಗಳಿಂದ ಆ ಎರಡು ಗಂಟೆಯನ್ನು ಸಂಬಳವಿಲ್ಲದ ಒಂದು ಕೆಲಸಕ್ಕೆ ಕೊಟ್ಟಿದ್ದಾರೆ. ಮುಖ ನೋಡದ ಐದು ಮಂದಿಯೊಡನೆ ಸೇರಿ, ಯಾರು ಬೇಕಾದರೂ ಬಳಸಬಹುದಾದ ಒಂದಷ್ಟು ಕೋಡನ್ನು ಕಾಪಾಡುವುದು.

ಆ ಕೋಡ್ ಏನು ಮಾಡುತ್ತದೆಂಬುದು ಮದುವೆಯಾಗಿ ಬೇರೆ ಮನೆಗೆ ಹೋದ ಹೆಂಗಸಿಗೆ ಸುಲಭವಾಗಿ ತಿಳಿಯುತ್ತದೆ. ಒಂದೊಂದು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಒಂದೊಂದು ಕಡೆ. ಕಂಪ್ಯೂಟರುಗಳೂ ಹಾಗೆಯೇ: ಫೈಲನ್ನು ಎಲ್ಲಿಡಬೇಕು, ಅದಕ್ಕೆ ಹೆಸರು ಹೇಗೆ, ದಿನಾಂಕ ಹೇಗೆ ಎಂಬುದು ಪ್ರತಿಯೊಂದು ಸಿಸ್ಟಮಿನಲ್ಲೂ ಬೇರೆ ಬೇರೆ. ಯಾವ ಮನೆಗೆ ಹೋದರೂ ಉಪ್ಪನ್ನು ಹುಡುಕಿ ಕೊಡುವುದು ಈ ಕೋಡಿನ ಕೆಲಸ.

ತೊಂದರೆ ಇರುವುದು ಮುಚ್ಚಿಹೋದ ಮನೆಗಳಲ್ಲಿ. ಒಂದು ಹಳೆಯ ಸಿಸ್ಟಮನ್ನು ಅದರ ತಯಾರಕರೇ ಕೈಬಿಟ್ಟು ಹದಿನಾಲ್ಕು ವರ್ಷವಾಗಿದೆ. ಆದರೂ ಅದಕ್ಕೆಂದು ಬರೆದದ್ದು ಅರವತ್ತೊಂದು ಕಡೆ, ಒಟ್ಟು ಎರಡು ಸಾವಿರದ ಮುನ್ನೂರು ಸಾಲಿನಷ್ಟು ಉಳಿದಿತ್ತು. ಹೊಸದಾಗಿ ಏನೇ ಬರೆದರೂ ಅಲ್ಲಿಗೂ ಸರಿಹೋಗುತ್ತದೆಯೇ ಎಂದು ನೋಡಬೇಕಿತ್ತು. “ತೀರ್ಕೊಂಡ ನೆಂಟ್ರಿಗೆ ದಿನಾ ಎಲೆ ಹಾಕಿ ಬಡಿಸ್ದಂಗಾಗಿತ್ತು ಕಣ್ರೀ,” ಎನ್ನುತ್ತಾರೆ ಹೇಮಾವತಿ. ಕಡೆಗೆ, ತೆಗೆದುಹಾಕುವುದೆಂದು ಆರೂ ಮಂದಿ ತೀರ್ಮಾನಿಸಿದರು. ಕೆಲಸ ಹೇಮಾವತಿಯ ಪಾಲಿಗೆ ಬಂತು.

ಅದರಲ್ಲಿ ಒಂದು ಸಂಕಟವಿತ್ತು. ಇಲ್ಲಿ ಅವರು ಬರೆದ ಮೊಟ್ಟಮೊದಲ ಕೋಡ್ ಆ ಹಳೆಯ ಸಿಸ್ಟಮಿಗೇ ಸೇರಿದ್ದು. ಮದುವೆಯಾದ ಮೇಲೆ ಆರು ವರ್ಷ ಕೀಲಿಮಣೆ ಮುಟ್ಟಿರಲಿಲ್ಲ. ಮಗಳು ತೊಟ್ಟಿಲಲ್ಲಿದ್ದಾಗ ಒಂದು ಬೆಳಗ್ಗೆ, ಆ ಸಿಸ್ಟಮಿನ ಫೈಲುಗಳ ದಿನಾಂಕ ತಪ್ಪಾಗಿ ಬರುತ್ತಿರುವುದು ಕಣ್ಣಿಗೆ ಬಿತ್ತು. ಅದು ದಿನಗಳನ್ನು ಎಣಿಸುವ ಲೆಕ್ಕವೇ ಬೇರೆಯಿತ್ತು. ಒಂಬತ್ತು ಸಾಲು ಬರೆದು ಕಳಿಸಿದರು. ಎರಡು ದಿನದಲ್ಲಿ ಒಪ್ಪಿಗೆ ಬಂತು. “ಯಾರಿಗೂ ಹೇಳ್ಲಿಲ್ಲ. ಹೇಳಿದ್ರೂ ಏನಂತ ಹೇಳೋದು? ಒಬ್ಳೇ ಹಿತ್ಲಿಗೆ ಹೋಗಿ ನಕ್ಬಂದೆ.” ತಾನು ಇನ್ನೂ ಇದ್ದೇನೆ ಎಂದು ತನಗೇ ಗೊತ್ತಾದದ್ದು ಆ ಒಂಬತ್ತು ಸಾಲಿನಿಂದ. ಈಗ ಅವನ್ನೂ ಅಳಿಸಬೇಕಿತ್ತು.

ಅಳಿಸುವ ಮುನ್ನ ಅತ್ತೆ ತಿಮ್ಮಕ್ಕನ ಪದ್ಧತಿಯನ್ನು ಪಾಲಿಸಿದರು. ಹೊಲದ ನಡುವಿನ ಹಳೆಯ ಕಾಲುದಾರಿಯನ್ನು ಉತ್ತು ಸೇರಿಸಿಕೊಳ್ಳುವ ಮುಂಚೆ ತಿಮ್ಮಕ್ಕ ಅದಕ್ಕೆ ಅಡ್ಡಲಾಗಿ ಜಾಲಿಮುಳ್ಳು ಹಾಕಿ ಒಂದು ತಿಂಗಳು ಕಾಯುತ್ತಾರೆ. ಯಾರಾದರೂ ಮುಳ್ಳು ಸರಿಸಿದ್ದರೆ ದಾರಿಗೆ ಇನ್ನೂ ಜನ ಇದ್ದಾರೆಂದು ಲೆಕ್ಕ, ಉಳುವುದಿಲ್ಲ. ಹೇಮಾವತಿಯೂ ಕೋಡಿನಲ್ಲಿ ಒಂದು ಮುಳ್ಳಿಟ್ಟರು. ಹಳೆಯ ಸಿಸ್ಟಮಿನಲ್ಲಿ ಇದನ್ನು ಬಳಸುತ್ತಿರುವವರ ತೆರೆಯ ಮೇಲೆ, ಮುಂದಿನ ವರ್ಷದಿಂದ ಇದು ನಡೆಯದು, ಬೇಕಿದ್ದವರು ಪತ್ರ ಬರೆಯಿರಿ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ವರ್ಷ ತುಂಬಿತು. ಇಡೀ ಜಗತ್ತಿನಿಂದ ಒಂದು ಪತ್ರವೂ ಬರಲಿಲ್ಲ.

ನಾಳೆ ಅಳಿಸಿಬಿಡುತ್ತೇನೆ ಎಂದು ಅತ್ತೆಗೆ ಹೇಳಿದಾಗ ತಿಮ್ಮಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು: “ಹೆಜ್ಜೆ ನೋಡ್ದೇನೇ?”

“ಯಾರೂ ಮುಳ್ಳು ಸರಿಸಿಲ್ಲ ಅತ್ತೆ.”

“ಸರಿಸ್ದೆ ದಾಟ್ಕಂಡು ಹೋಗೋರೂ ಇರ್ತಾರೆ ಕಣೇ. ಮುಳ್ಳು ಒಂದ್ನೇ ನೋಡಿದ್ರೆ ಆಯ್ತಾ? ಮಣ್ಣು ನೋಡ್ಬೇಕು.”

ಆ ಮಾತು ಹೇಮಾವತಿಯನ್ನು ಬಿಡಲಿಲ್ಲ. ತಮ್ಮ ಕೋಡ್ ಬಳಸಿ ಬೇರೆ ಪ್ರೋಗ್ರಾಂ ಮಾಡುವ ಮೂವತ್ತೊಂದು ಮಂದಿಯನ್ನು ಹುಡುಕಿ, ಹಳೆಯ ಸಿಸ್ಟಮಿನಲ್ಲಿ ಇದನ್ನು ಬಳಸುವವರು ಯಾರಾದರೂ ಉಳಿದಿದ್ದಾರೆಯೇ ಎಂದು ಒಬ್ಬೊಬ್ಬರಿಗೂ ಬರೆದರು. ಮೂವತ್ತು ಜನ ಇಲ್ಲವೆಂದರು. ಹೌದೆಂದದ್ದು ಒಬ್ಬರೇ, ಅದೂ ಪಕ್ಕದ ತರೀಕೆರೆಯಿಂದ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಚಂದ್ರಕುಮಾರ್ ಫೋನ್ ಮಾಡಿ, ಬುಕ್ಕಾಂಬುಧಿಯಲ್ಲಿ ಒಬ್ಬರಿದ್ದಾರೆ, ವರ್ಷಕ್ಕೊಮ್ಮೆ ಪೆನ್‌ಡ್ರೈವಿನಲ್ಲಿ ಹೊಸ ಪ್ರೋಗ್ರಾಂ ಹಾಕಿಕೊಟ್ಟು ಬರುತ್ತೇನೆ ಎಂದರು. ಆ ಎಚ್ಚರಿಕೆಯನ್ನು ಅವರೂ ಕಂಡಿದ್ದರು. ಇನ್ನೂ ಟೈಮಿದೆ ಅಂದುಕೊಂಡು ಮರೆತಿದ್ದರು.

ಭಾನುವಾರ ಹೇಮಾವತಿ ಕಡೂರಿಗೊಂದು, ಅಜ್ಜಂಪುರಕ್ಕೊಂದು, ಅಲ್ಲಿಂದ ಮುಂದಕ್ಕೊಂದು ಬಸ್ಸು ಹಿಡಿದು ಬುಕ್ಕಾಂಬುಧಿಗೆ ಹೋದರು. ಕೆರೆಯ ನೀರಗಂಟಿ ಈರಣ್ಣನವರಿಗೆ ಅರವತ್ತೆಂಟು. ತೂಬು ಎತ್ತಿ ಗದ್ದೆಗೆ ನೀರು ಬಿಡುವ ಹೊಣೆ ಅವರದು. ಶಾಲೆಯವರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಹದಿನೇಳು ವರ್ಷದಿಂದ ದಿನಾ ಬೆಳಗ್ಗೆ ಕೆರೆ ಎಷ್ಟು ಅಡಿ ಇದೆಯೆಂದು ಒಂದು ಅಂಕಿ ಹಾಕುತ್ತಾರೆ. ದಿನಕ್ಕೊಂದು ಫೈಲು. ಮಗಳ ಮದುವೆಯ ಎರಡು ದಿನ, ಕಣ್ಣಿನ ಆಪರೇಷನ್ನಿನ ನಾಲ್ಕು ದಿನ ಬಿಟ್ಟರೆ ಒಂದೂ ತಪ್ಪಿಲ್ಲ. ಈ ನೀರು ಇನ್ನೆಷ್ಟು ದಿನಕ್ಕೆ ಬಂದೀತೆಂದು ಊರವರು ಕೇಳಿದರೆ, ಹಿಂದೆ ಯಾವ ವರ್ಷ ಇದೇ ದಿನ ಇಷ್ಟೇ ಅಡಿಯಿತ್ತೆಂದು ತೆಗೆದು ನೋಡಿ ಹೇಳುತ್ತಾರೆ. ಊರಿನ ಬಿತ್ತನೆ ಆ ಮಾತಿನ ಮೇಲೆ ನಿಂತಿದೆ.

ತೆರೆಯ ಮೇಲಿನ ಎಚ್ಚರಿಕೆಯ ಬಗ್ಗೆ ಹೇಮಾವತಿ ಕೇಳಿದರು. ಈರಣ್ಣ ನಕ್ಕರು. “ಬೆಳಿಗ್ಗೆ ಬೆಳಿಗ್ಗೆ ಏನೋ ಹೇಳ್ತದೆ ಕಣಮ್ಮ. ಆಯ್ತಪ್ಪಾ ಅಂತ ಎಂಟರ್ ಒತ್ತಿ ಮುಂದಕ್ ಹೋಯ್ತೀನಿ.” ಒಂದು ವರ್ಷದಿಂದ ದಿನಾ ಮುಳ್ಳು ದಾಟಿ ಹೋದವರು ಇವರೇ.

ಚಂದ್ರಕುಮಾರ್ ಕೂಡ ತರೀಕೆರೆಯಿಂದ ಈರಣ್ಣನಿಗೆಂದು ಒಂದು ಹೊಸ ಕಂಪ್ಯೂಟರ್ ತಂದಿದ್ದರು; ಅದಕ್ಕೆ ಎಲ್ಲವನ್ನೂ ನಕಲು ಮಾಡಿಬಿಡೋಣ ಎಂದು ಪೆನ್‌ಡ್ರೈವ್ ತೆಗೆದರು. ಹೇಮಾವತಿ ಮೊದಲು ಒಂದು ಫೈಲು ತೆರೆದು ನೋಡಿದರು. ಒಳಗೆ ‘ಹನ್ನೊಂದು’ ಎಂಬ ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ. ತಾರೀಕು ಯಾಕೆ ಬರೆದಿಲ್ಲ ಎಂದರೆ, “ಮಿಷನ್ನೇ ಬರ್ಕತದಲ್ಲ ತಾಯಿ, ನಾನ್ಯಾಕೆ ಇನ್ನೊಂದ್ಸಲಿ ಬರೀಲಿ?” ಎಂದರು ಈರಣ್ಣ. ನಿಜವೇ. ಆದರೆ ಸುಮ್ಮನೆ ನಕಲು ಮಾಡಿದ್ದರೆ ಹೊಸ ಯಂತ್ರ ಎಲ್ಲಕ್ಕೂ ಆ ಭಾನುವಾರದ ತಾರೀಕನ್ನೇ ಹಾಕುತ್ತಿತ್ತು. ಹದಿನೇಳು ವರ್ಷದ ಕೆರೆ ಒಂದೇ ದಿನದ ಕೆರೆಯಾಗುತ್ತಿತ್ತು.

ಹಳೆಯ ಸಿಸ್ಟಮಿನ ದಿನಾಂಕವನ್ನು ಸರಿಯಾಗಿ ಓದಬಲ್ಲ ಒಂಬತ್ತು ಸಾಲು ಹೇಮಾವತಿಯ ಬಳಿ ಇದ್ದವು. ಅವನ್ನೇ ಕೆಲಸಕ್ಕೆ ಹಚ್ಚಿದರು. ಒಂದೊಂದೇ ಫೈಲಿನ ತಾರೀಕನ್ನು ಓದಿ, ಅಂಕಿಯ ಪಕ್ಕದಲ್ಲಿ ಬರೆದು, ಆಮೇಲೆ ಸಾಗಿಸುವುದು. ಆರು ಸಾವಿರದ ಇನ್ನೂರ ಮೂರು ಫೈಲುಗಳು. ಈರಣ್ಣನ ಹೆಂಡತಿ ಸಾವಿತ್ರಮ್ಮ ಮುದ್ದೆ ಬಡಿಸುವ ಹೊತ್ತಿಗೆ ಮುಗಿದಿತ್ತು. ಈರಣ್ಣ ನಂಬಿಕೆಗೆಂದು ಒಂದನ್ನು ಆರಿಸಿ ತೆಗೆಸಿದರು: ಮಗಳ ಮದುವೆಯ ಹಿಂದಿನ ದಿನ, ಹದಿನಾಲ್ಕು ಅಡಿ. “ಹೂಂ, ಅವತ್ತು ಕೋಡಿ ಹತ್ರ ಬಂದಿತ್ತು,” ಎಂದು ತಲೆಯಾಡಿಸಿ ಊಟಕ್ಕೆ ಕೂತರು.

ಮರುದಿನ ಬೆಳಗ್ಗೆ ಐದೂವರೆಗೆ ಹೇಮಾವತಿ ತಮ್ಮ ಒಂಬತ್ತು ಸಾಲನ್ನು ಅಳಿಸಿದರು. ಬೇಜಾರಾಗಲಿಲ್ಲವೇ ಎಂದರೆ, “ಮಾಡೋ ಕೆಲ್ಸ ಮಾಡಿ ಹೋದ್ವಲ್ಲ,” ಎನ್ನುತ್ತಾರೆ. ಪರೀಕ್ಷೆ ಹಸಿರು ತೋರಿಸಿತು. ಅಂದು ಎರಡು ಲೋಟ ಕಾಫಿ, ಒಂದು ತಿಮ್ಮಕ್ಕನಿಗೆ.

ಹೊಸ ಕಂಪ್ಯೂಟರ್ ಬೆಳಗ್ಗೆ ಏನೂ ಹೇಳುವುದಿಲ್ಲ, ಬೇಸರ ಎಂದು ಈರಣ್ಣ ದೂರಿದ್ದರಿಂದ ಚಂದ್ರಕುಮಾರ್ ಅದರಲ್ಲಿ ಕನ್ನಡದಲ್ಲೇ ಒಂದು ಸಾಲು ಹಾಕಿದ್ದಾರೆ: ‘ಈರಣ್ಣೋರೆ, ಇವತ್ತು ಎಷ್ಟು ಅಡಿ?’

ಹೇಮಾವತಿಗೆ ದೊಡ್ಡ ಆಸೆಗಳೇನಿಲ್ಲ. ಕಾವಲಿ ಮೇಲಿನ ರೊಟ್ಟಿಯನ್ನು ತಿರುವುತ್ತಾ ಒಂದನ್ನು ಮಾತ್ರ ಹೇಳುತ್ತಾರೆ: “ಉಳಿದ ನನ್ ಕೋಡೂ ಒಂದಿನ ಹಳೇದಾಗ್ತದೆ. ತೆಗೀಲಿ, ಬೇಡ ಅನ್ನಲ್ಲ. ತೆಗೆಯೋರು ಒಂದ್ಸಾರಿ ಮಣ್ಣು ನೋಡಿ ತೆಗೀಲಿ, ಅಷ್ಟೇ.”