ಕಂಪ್ಯೂಟರಿನ ಜ್ವರ ಇಳಿಸುವ ವೇದಾವತಿ

ಪಾಲಿಬೆಟ್ಟದ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಫಿ ತೋಟದ ಬೇಲಿಯ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ವೇದಾವತಿ ಮೊಬೈಲ್ ನೋಡುತ್ತಿದ್ದಾರೆ. ಮುಂದಿನ ತಿರುವಿನಲ್ಲಿ ಆನೆ ಇದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದಾರೆ. ಅದು ದಾಟಿ ಹೋಯಿತೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಮಳೆ ಒಂದೇ ಸಮನೆ ಸುರಿಯುತ್ತಿದೆ. ರೇನ್‌ಕೋಟಿನೊಳಗೆ ಹೊಟ್ಟೆಗೆ ಅವಚಿಕೊಂಡ ಚೀಲದಲ್ಲಿ ಸ್ಕ್ರೂಡ್ರೈವರುಗಳು, ಪೇಂಟ್ ಹೊಡೆಯುವ ಬ್ರಶ್ಶು, ಕಂಪ್ಯೂಟರಿನ ಒಂದು ಹಳೆಯ ಫ್ಯಾನು. ಅವರು ಸ್ಕೂಟರಿನಿಂದ ಇಳಿಯುತ್ತಾರೆ, ಹತ್ತುತ್ತಾರೆ, ಮತ್ತೆ ಇಳಿಯುತ್ತಾರೆ.

"ಆನೆಗೆ ಅರ್ಜೆಂಟಿಲ್ಲ, ನಂಗುಂಟು. ಹತ್ತು ಗಂಟೆಗೆ ಡಾಕ್ಟ್ರು ಬರ್ತಾರೆ. ಅಷ್ಟರೊಳಗೆ ಆ ಕಂಪ್ಯೂಟರ್ ಸರಿಯಾಗ್ಬೇಕು" ಎನ್ನುತ್ತಾರೆ.

ಡಾಕ್ಟರು ಬರುವುದು ಈ ರಸ್ತೆಯಲ್ಲಲ್ಲ. ಹೊನ್ನಮಲೆ ಎಸ್ಟೇಟಿನಲ್ಲಿ ತೋಟದ ಕೆಲಸದವರು ವಾಸಿಸುವ ಲೈನ್‌ಮನೆಗಳ ಪಕ್ಕದಲ್ಲಿ ಎರಡು ಕೋಣೆಯ ಕ್ಲಿನಿಕ್ ಇದೆ. ಅಲ್ಲಿ ಒಬ್ಬ ನರ್ಸ್, ಒಂದು ಹಳೆಯ ಕಂಪ್ಯೂಟರ್. ಪ್ರತಿ ಗುರುವಾರ ದೂರದ ಆಸ್ಪತ್ರೆಯಿಂದ ಡಾಕ್ಟರ್ ಮೈತ್ರೇಯಿ ಅದರ ಪರದೆಯ ಮೇಲೆ ಕಾಣಿಸಿಕೊಂಡು ಲೈನಿನ ಹೆಂಗಸರನ್ನು ವಿಚಾರಿಸುತ್ತಾರೆ. ಒಂದು ತಿಂಗಳಿನಿಂದ ಈ ಕಂಪ್ಯೂಟರಿಗೆ ಜ್ವರ. ಡಾಕ್ಟರು ಮಾತಿಗೆ ತೊಡಗಿದ ಸ್ವಲ್ಪ ಹೊತ್ತಿಗೆಲ್ಲ ಬಿಸಿಯೇರಿ ಪಕ್ಕನೆ ಆಫ್ ಆಗಿಬಿಡುತ್ತದೆ.

ಕಳೆದ ಗುರುವಾರ ಅದು ಆಫ್ ಆದಾಗ ಎದುರು ಕೂತಿದ್ದವಳು ಮುದ್ದಿ. ತೋಟದ ಕೆಲಸದವಳು, ಎಂಟು ತಿಂಗಳ ಬಸುರಿ. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಡಾಕ್ಟರು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, "ಮುದ್ದಿ, ನಿನ್ನ ಕಾಲು..." ಎಂದರು. ಅಷ್ಟೇ. ಪರದೆ ಕಪ್ಪಾಯಿತು. ನರ್ಸ್ ಬೋಜಮ್ಮ ಆಸ್ಪತ್ರೆಗೆ ಫೋನ್ ಹಚ್ಚಿದರೆ ಡಾಕ್ಟರು ಆಪರೇಷನ್ ಕೋಣೆಗೆ ಹೋಗಿಯಾಗಿತ್ತು. ಮುಂದಿನ ಗುರುವಾರ ತಪ್ಪದೆ ಕೂರಿಸಿ ಎಂದಷ್ಟೇ ಅಲ್ಲಿಯವರು ಹೇಳಿದರು. ಆ ಅರ್ಧ ಮಾತನ್ನು ಹೊತ್ತುಕೊಂಡು ಮುದ್ದಿ ಒಂದು ವಾರ ಕಳೆದಿದ್ದಾಳೆ. ನನ್ನ ಕಾಲಿಗೆ ಏನಾಗಿದೆ, ಮಗುವಿಗೆ ಏನಾಗುತ್ತದೆ ಎಂದು ಸಿಕ್ಕವರನ್ನೆಲ್ಲ ಕೇಳಿದ್ದಾಳೆ.

ಅದನ್ನು ಕೇಳಿದ ಮೇಲೆ ವೇದಾವತಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಯಾಕೆಂದರೆ ಆ ಗುರುವಾರದ ಹಿಂದಿನ ದಿನವಷ್ಟೇ ಕಂಪ್ಯೂಟರ್ ಬಿಚ್ಚಿ, ಒರೆಸಿ, ಜೋಡಿಸಿ, "ಇನ್ನು ಹೆದರ್ಬೇಡಿ ಸಿಸ್ಟರ್, ಸರಿಯಾಯ್ತು" ಎಂದು ಹೇಳಿ ಹೋದವರು ಅವರೇ.

ಆನೆ ದಾಟಿದ ಸುದ್ದಿ ಬರುತ್ತದೆ. ಸ್ಕೂಟರ್ ಹೊರಡುತ್ತದೆ.

ವೇದಾವತಿ ಮಡಿಕೇರಿಯ ಅರ್ಚಕರ ಮನೆಯ ಮಗಳು. ಟೈಪಿಂಗ್ ಕಲಿತರೆ ಸರ್ಕಾರಿ ಕೆಲಸ ಸಿಕ್ಕೀತು ಎಂದು ಅಪ್ಪ ಟೈಪಿಂಗ್ ಶಾಲೆಗೆ ಸೇರಿಸಿದರು. ಕೆಲಸ ಸಿಗಲಿಲ್ಲ, ಕಲಿತ ಶಾಲೆಯಲ್ಲೇ ಹೇಳಿಕೊಡುವವರಾದರು. ಆಮೇಲೆ ಟೈಪ್‌ರೈಟರುಗಳು ಗುಜರಿಗೆ ಹೋಗಿ ಆ ಜಾಗದಲ್ಲಿ ಕಂಪ್ಯೂಟರುಗಳು ಬಂದು ಕೂತವು. ಅವು ಕೆಟ್ಟಾಗ ಮೈಸೂರಿನಿಂದ ಬರಬೇಕಾದ ರಿಪೇರಿಯವನು ಮಳೆಗಾಲದಲ್ಲಿ ಘಟ್ಟ ಹತ್ತಲು ಒಪ್ಪುತ್ತಿರಲಿಲ್ಲ. ಕಾದು ಕಾದು ಬೇಸತ್ತು ಒಂದು ದಿನ ತಾವೇ ಪೆಟ್ಟಿಗೆ ಬಿಚ್ಚಿದರು. ಅದನ್ನು ಸರಿಯಾಗಿ ಮುಚ್ಚಲು ಮೂರು ದಿನ ಬೇಕಾಯಿತು ಎಂದು ಈಗಲೂ ನಗುತ್ತಾರೆ. ಮೇಷ್ಟ್ರೊಬ್ಬರನ್ನು ಮದುವೆಯಾಗಿ ಈ ಕಡೆ ಬಂದ ಮೇಲೆ ಅದೇ ಕಸುಬಾಯಿತು. ಪಾಲಿಬೆಟ್ಟದಿಂದ ಶ್ರೀಮಂಗಲದವರೆಗೆ ಎಸ್ಟೇಟ್ ಆಫೀಸು, ಶಾಲೆ, ಸೊಸೈಟಿ, ಎಲ್ಲಿ ಕೆಟ್ಟರೂ ಸ್ಕೂಟರಿನಲ್ಲಿ ಹೋಗುತ್ತಾರೆ. ದಿನಕ್ಕೆ ಮೂರು ನಾಲ್ಕು ಕಡೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಬಾಗಿಲು ತೆಗೆದವರು ಇವರನ್ನು ದಾಟಿ ಹಿಂದೆ ನೋಡಿ, "ರಿಪೇರಿಯವರು ಎಲ್ಲಿ?" ಎಂದು ಕೇಳುವುದು ಇನ್ನೂ ನಿಂತಿಲ್ಲ. "ನಾನೇ ಮಾರಾಯ್ರೆ, ಒಳಗೆ ಬಿಡಿ, ಚೀಲ ನೆನೀತಾ ಉಂಟು" ಎನ್ನುವುದು ಇವರ ರೂಢಿ.

ಕೊಡಗಿನ ಕಂಪ್ಯೂಟರಿನ ಕಷ್ಟವೇ ಬೇರೆ. ಇಲ್ಲಿ ಅದಕ್ಕೆ ಶತ್ರು ಥಂಡಿ. ಜೂನ್ ಹಿಡಿದರೆ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು, ಕಂಪ್ಯೂಟರಿನ ಒಳಗೂ ಬೂಸ್ಟು. ಮಳೆಗಾಲದಲ್ಲಿ ಅದನ್ನು ಆಫ್ ಮಾಡಬೇಡಿ, ಬೆಚ್ಚಗಿರಲಿ ಎಂದು ಎಲ್ಲರಿಗೂ ಹೇಳಿಕೊಟ್ಟವರು ವೇದಾವತಿಯೇ. ಹಾಗಾಗಿ ಕ್ಲಿನಿಕ್ಕಿನ ಕಂಪ್ಯೂಟರ್ ಗುರುವಾರಗಳಂದು ಕರೆಯ ಹೊತ್ತಿಗೆ ಸುಡತೊಡಗಿದಾಗ ಯಾರಿಗೂ ಅದು ಕಾಯಿಲೆ ಎನಿಸಲಿಲ್ಲ. ಬೋಜಮ್ಮ ಒದ್ದೆ ಸಾಕ್ಸನ್ನು ಅದರ ಹಿಂದೆ ಒಣಗಲು ಹಾಕಿದರು. ಲೈನಿನ ಬೆಕ್ಕು ಬಂದು ಅದರ ಮೇಲೆಯೇ ಬಿಡಾರ ಹೂಡಿತು. ಮಳೆಯಲ್ಲಿ ನಡುಗುತ್ತ ಬಂದವರು ಅದಕ್ಕೆ ಅಂಗೈ ಹಿಡಿದು ಚಳಿ ಕಾಯಿಸಿಕೊಂಡರು. ಇಡೀ ಊರು ನೆನೆದು ತೊಪ್ಪೆಯಾಗಿರುವಾಗ ಬೆಚ್ಚಗಿರುವ ವಸ್ತುವಿನ ಮೇಲೆ ಯಾರು ತಾನೇ ದೂರು ಹೇಳುತ್ತಾರೆ?

ಕ್ಲಿನಿಕ್ಕಿಗೆ ಬಂದ ವೇದಾವತಿ ರೇನ್‌ಕೋಟ್ ಬಿಚ್ಚುವ ಮೊದಲೇ ಪೆಟ್ಟಿಗೆಯ ಮೇಲೆ ಕೈಯಿಡುತ್ತಾರೆ. ತಣ್ಣಗಿದೆ. ಅದೇ ಅವರಿಗೆ ಇನ್ನಷ್ಟು ಕಿರಿಕಿರಿ. ಮುಚ್ಚಳ ತೆಗೆಯುತ್ತಾರೆ. ಧೂಳಿಲ್ಲ. ಫ್ಯಾನು ತಿರುಗುತ್ತಿದೆ. ಆದರೂ ತಂದಿದ್ದ ಫ್ಯಾನು ಹಾಕುತ್ತಾರೆ, ತೆಗೆದು ಮೊದಲಿನದ್ದನ್ನೇ ಹಾಕುತ್ತಾರೆ. ಕಿಟಕಿಯ ಹತ್ತಿರ ಹೋಗಿ ಮಳೆ ನೋಡಿ ಬರುತ್ತಾರೆ. ಬೋಜಮ್ಮ ಕೊಟ್ಟ ಕಾಫಿ ಲೋಟದಲ್ಲೇ ಆರುತ್ತಿದೆ.

"ವೇದಕ್ಕ, ಸ್ವಲ್ಪ ಕೂತ್ಕೊಳ್ಳಿ. ನಿಮ್ಮನ್ನು ನೋಡಿ ನಂಗೆ ಬಿ.ಪಿ. ಏರ್ತಾ ಉಂಟು" ಎನ್ನುತ್ತಾರೆ ಬೋಜಮ್ಮ.

"ನಾನು ಬಂದಾಗ ಇದು ಒಳ್ಳೇ ಮಗು ಥರ ಇರ್ತದೆ ಸಿಸ್ಟರ್. ನಾನು ಹೋದ ಕೂಡ್ಲೆ ಕುದೀತದೆ. ನನ್ನ ಮೇಲೆ ಎಂತ ಸಿಟ್ಟು ಇದಕ್ಕೆ?"

ಅಷ್ಟರಲ್ಲಿ ಬಾಗಿಲಲ್ಲಿ ಕೊಡೆ ಮಡಿಸುವ ಸದ್ದು. ಮುದ್ದಿ ಬಂದಿದ್ದಾಳೆ, ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲೇ. ತಡೆದು ತಡೆದು ಹೆಜ್ಜೆಯಿಟ್ಟು ಬಂದು ಕ್ಯಾಮೆರಾದ ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ.

"ಅಕ್ಕ, ಇವತ್ತು ಪೂರ್ತಿ ಮಾತಾಡ್ತಾರಾ ಡಾಕ್ಟ್ರಮ್ಮ?"

ಸರಿಯಾಯ್ತು ಎಂಬ ಮಾತನ್ನು ಇನ್ನೊಂದು ಸಲ ಹೇಳುವ ಧೈರ್ಯ ವೇದಾವತಿಗಿಲ್ಲ. ಕುರ್ಚಿಯಲ್ಲಿ ಕೂತ ಮುದ್ದಿಯನ್ನೇ ನೋಡುತ್ತ ನಿಲ್ಲುತ್ತಾರೆ. ಆಗ ಒಂದು ವಿಷಯ ತಲೆಗೆ ಹೊಳೆಯುತ್ತದೆ. ಹೋದ ವಾರ ಬಂದಾಗಲೂ, ಇವತ್ತು ಇಷ್ಟು ಹೊತ್ತೂ ಈ ಕುರ್ಚಿ ಖಾಲಿಯಿತ್ತು. ತಾವೊಬ್ಬರೇ ಮೇಜಿನ ಕೆಳಗೆ ಬಗ್ಗಿ ಪರೀಕ್ಷೆ ಮಾಡಿದ್ದರು. ಡಾಕ್ಟರ ಜೊತೆ ಮಾತಾಡುವ ಹಾಗೆ ಯಾರನ್ನೂ ಕೂರಿಸಿ ನೋಡಿರಲಿಲ್ಲ.

"ಮುದ್ದಿ, ಏಳ್ಬೇಡ. ಹಾಗೇ ಕೂತಿರು" ಎಂದು ಕ್ಲಿನಿಕ್ಕಿನ ಕಂಪ್ಯೂಟರಿನಿಂದ ತಮ್ಮ ಮೊಬೈಲಿಗೇ ವಿಡಿಯೊ ಕರೆ ಮಾಡುತ್ತಾರೆ.

ಮೊಬೈಲಿನಲ್ಲಿ ಮುದ್ದಿಯ ಮುಖ ಮೂಡುತ್ತದೆ. ಪೆಟ್ಟಿಗೆಯೊಳಗೆ ಫ್ಯಾನು ಮೊರೆಯತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಅದರ ಮೈ ಬೆಚ್ಚಗಾಗಿ, ಮತ್ತೆ ಬಿಸಿಯಾಗಿ, ಬೆಕ್ಕು ಎಲ್ಲಿಂದಲೋ ಓಡಿ ಬರುತ್ತದೆ. ವೇದಾವತಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿಯುತ್ತಾರೆ, ತಲೆಯೆತ್ತಿ ಮುದ್ದಿಯ ಬೆನ್ನ ಹಿಂದೆ ನೋಡುತ್ತಾರೆ, ಮತ್ತೆ ಮೊಬೈಲು ನೋಡುತ್ತಾರೆ. ಕೋಣೆಯ ಗೋಡೆಯ ಮೇಲೆ ಹಸಿರು ಕಪ್ಪು ಬೂಸ್ಟು ಆಳೆತ್ತರಕ್ಕೆ ಹಬ್ಬಿದೆ. ಮೊಬೈಲಿನಲ್ಲಿ ಬೂಸ್ಟಿಲ್ಲ, ಗೋಡೆಯೇ ಇಲ್ಲ. ಬರೀ ಮಂಜು.

"ಸಿಸ್ಟರ್, ಗೋಡೆ ಎಲ್ಲಿ ಹೋಯ್ತು?"

"ಓ ಅದಾ? ಹೋದ ತಿಂಗಳು ಅಪ್‌ಡೇಟ್ ಅಂತ ಬಂತು, ಹೂಂ ಅಂತ ಒತ್ತಿದೆ. ಅವತ್ತಿಂದ ಹೀಗೇ. ಚೆಂದ ಕಾಣ್ತದೆ ಅಲ್ವಾ? ಆ ಬೂಸ್ಟು ಡಾಕ್ಟ್ರಿಗೆ ಕಾಣ್ತಿತ್ತಲ್ಲ ಅಂತ ನಂಗೆ ನಾಚ್ಕೆ ಆಗ್ತಿತ್ತು."

ವೇದಾವತಿ ಹಣೆ ಚಚ್ಚಿಕೊಳ್ಳುತ್ತಾರೆ. ವಿಡಿಯೊ ಕರೆಯ ಸಾಫ್ಟ್‌ವೇರ್ ಹೊಸದಾಗಿ ಕಲಿತುಕೊಂಡ ವಿದ್ಯೆ ಅದು. ಎದುರು ಕೂತವರ ಮುಖವನ್ನಷ್ಟೇ ಉಳಿಸಿ ಹಿಂದಿನದ್ದನ್ನೆಲ್ಲ ಮಸುಕು ಮಾಡುತ್ತದೆ. ಹೊಸ ಕಂಪ್ಯೂಟರಿಗೆ ಅದು ನೀರು ಕುಡಿದಷ್ಟು ಸುಲಭ. ಈ ಹಳೆಯದಕ್ಕೆ ಮಾತ್ರ ಯಾವುದು ಮನುಷ್ಯ, ಯಾವುದು ಗೋಡೆ ಎಂದು ಕ್ಷಣಕ್ಷಣಕ್ಕೂ ಬಿಡಿಸಿ ನೋಡುವುದರಲ್ಲೇ ಪ್ರಾಣ ಹೋಗುತ್ತದೆ. ಎದುರು ಯಾರೂ ಇಲ್ಲದಾಗ, ಕರೆ ಇಲ್ಲದಾಗ, ಆ ಕೆಲಸವೂ ಇಲ್ಲ, ಬಿಸಿಯೂ ಇಲ್ಲ.

"ಮುದ್ದಿ, ಹೋದ ವಾರ ನೀನು ಕಾಲು ತೋರಿಸಿದ್ಯಾ?"

"ತೋರಿಸಿದ್ದೆ ಅಕ್ಕ. ಎತ್ತಿ ಹಿಡಿದಿದ್ದೆ."

"ಈಗ ಎತ್ತು ನೋಡುವಾ."

ಮುದ್ದಿ ಕುರ್ಚಿಯಲ್ಲಿ ಹಿಂದಕ್ಕೊರಗಿ, ಬೋಜಮ್ಮನ ತೋಳು ಹಿಡಿದು, ಕಾಲೆತ್ತುತ್ತಾಳೆ. ಮೊಬೈಲಿನಲ್ಲಿ ಅವಳ ಮುಖ ಕನ್ನಡಿಯಷ್ಟು ಸ್ಪಷ್ಟ. ಕಾಲು ಇರಬೇಕಾದ ಕಡೆ ಮಂಜು. ಸಾಫ್ಟ್‌ವೇರು ಅದನ್ನೂ ಗೋಡೆಯ ಲೆಕ್ಕಕ್ಕೆ ಸೇರಿಸಿ ಅಳಿಸಿಹಾಕಿದೆ. ವೇದಾವತಿಯ ಕಣ್ಣು ತುಂಬುತ್ತದೆ, ಅದು ಸಿಟ್ಟಿಗೋ ಸಂಕಟಕ್ಕೋ ಅವರಿಗೇ ಗೊತ್ತಾಗುವುದಿಲ್ಲ.

ಮಸುಕು ಮಾಡುವುದನ್ನು ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕು. ಒತ್ತುತ್ತಾರೆ. ಗೋಡೆ ಬೂಸ್ಟಿನ ಸಮೇತ ವಾಪಸು ಬರುತ್ತದೆ, ಮುದ್ದಿಯ ಕಾಲೂ ಬರುತ್ತದೆ. ಫ್ಯಾನಿನ ಮೊರೆತ ಮೆಲ್ಲಗೆ ಇಳಿಯುತ್ತದೆ. ಅಷ್ಟಾದರೂ ಅವರು ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯುವುದಿಲ್ಲ.

ಹತ್ತು ಗಂಟೆಗೆ ಡಾಕ್ಟರ್ ಮೈತ್ರೇಯಿ ಪರದೆಯ ಮೇಲೆ ಬರುತ್ತಾರೆ. ಮುದ್ದಿ ನಮಸ್ಕಾರ ಕೂಡ ಹೇಳುವುದಿಲ್ಲ. "ಡಾಕ್ಟ್ರಮ್ಮ, ನನ್ನ ಕಾಲಿಗೆ ಏನು?"

"ಅದನ್ನೇ ಹೇಳ್ತಿದ್ದೆ, ಮುದ್ದಿ. ನಿನ್ನ ಕಾಲು ಕಾಣ್ತಿಲ್ಲ, ಸರಿಯಾಗಿ ತೋರಿಸು ಅಂತ."

ವಾರವಿಡೀ ಹೆದರಿಸಿದ ಮಾತು ಇಷ್ಟೇ ಆಗಿತ್ತು. ಮುದ್ದಿ ನಕ್ಕೇಬಿಡುತ್ತಾಳೆ. ಆದರೆ ಈಗ ಊದಿದ ಕಾಲು ಕಂಡ ಡಾಕ್ಟರು ನಗುವುದಿಲ್ಲ. ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ತೋರಿಸಲು ಬೋಜಮ್ಮನಿಗೆ ಹೇಳುತ್ತಾರೆ. ಒತ್ತಿದ ಗುಳಿ ತುಂಬಿಕೊಳ್ಳದೆ ಹಾಗೇ ಉಳಿಯುತ್ತದೆ. ಬಿ.ಪಿ. ನೋಡಿಸುತ್ತಾರೆ, ಏರಿದೆ. ತಲೆನೋವಿದೆಯೇ ಎಂದು ಕೇಳುತ್ತಾರೆ. ಇದೆ. "ಸಿಸ್ಟರ್, ಇನ್ನೊಂದು ವಾರ ಕಾಯುವ ಹಾಗಿಲ್ಲ. ಇವತ್ತೇ, ಈಗಲೇ ಕಳಿಸಿ. ನಾನು ಇಲ್ಲೇ ಇರ್ತೇನೆ." ಅವರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಪರದೆ ಬೆಳಗುತ್ತಲೇ ಇರುತ್ತದೆ.

ಎಸ್ಟೇಟಿನ ಜೀಪು ಮುದ್ದಿಯನ್ನು ಹತ್ತಿಸಿಕೊಂಡು ಮಳೆಯಲ್ಲಿ ಇಳಿದು ಹೋಗುತ್ತದೆ. ವೇದಾವತಿಗೆ ಶ್ರೀಮಂಗಲದ ಶಾಲೆಯೊಂದರಲ್ಲಿ ಕೆಲಸವಿದೆ. ಅಲ್ಲಿ ಸ್ಕ್ರೂ ಬಿಚ್ಚುತ್ತ ಎಷ್ಟು ಸಲ ಮೊಬೈಲ್ ನೋಡುತ್ತಾರೋ ಲೆಕ್ಕವಿಲ್ಲ. ಮಧ್ಯಾಹ್ನ ಕಳೆದ ಮೇಲೆ ಬೋಜಮ್ಮನ ಫೋನ್ ಬರುತ್ತದೆ. ಮುದ್ದಿಯನ್ನು ದಾಖಲು ಮಾಡಿಕೊಂಡಿದ್ದಾರೆ, ಬಿ.ಪಿ. ಇಳಿಯುತ್ತಿದೆ, ಮಗುವಿನ ಎದೆಬಡಿತ ಚೆನ್ನಾಗಿದೆ. ಬೆಳಗಿನಿಂದ ಮೊದಲ ಬಾರಿಗೆ ವೇದಾವತಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕೊನೆಗೆ ಬೋಜಮ್ಮ, ಪೆಟ್ಟಿಗೆ ತಣ್ಣಗಾಗಿ ಬೆಕ್ಕು ಮುನಿಸಿಕೊಂಡಿದೆ, ಸಾಕ್ಸ್ ಒಣಗಿಸಲು ಜಾಗವಿಲ್ಲ ಎಂದು ದೂರುತ್ತಾರೆ.

ಫೋನಿಟ್ಟ ವೇದಾವತಿಯನ್ನು ಇನ್ನೇನಾಗಬೇಕು ಎಂದು ಕೇಳಿದರೆ ದೊಡ್ಡ ಆಸೆಯೇನೂ ಇಲ್ಲ.

"ಮಳೆ ಬಿಟ್ಟ ಮೇಲೆ ಯಾರಾದ್ರೂ ಆ ಗೋಡೆಗೆ ಒಂದು ಸುಣ್ಣ ಹೊಡೆಸಿದ್ರೆ ಸಾಕು" ಎನ್ನುತ್ತಾರೆ. "ಅದನ್ನು ಮುಚ್ಚಿಡ್ಲಿಕ್ಕೆ ಹೋಗಿ ಈ ಹುಡುಗಿ ಕಾಲೇ ಕಾಣ್ಲಿಲ್ಲ ನೋಡಿ."